ಟೈಮಿಂಗ್ ಬೆಲ್ಟ್ ಬದಲಿಸಲು ಕಿಲೋಮೀಟರ್ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕೆನ್ನುವವರು ಆರ್‌ಟಿಒ ಕಚೇರಿಗೆ ಹೋಗುವ ಮೊದಲು ಸಾಮಾನ್ಯವಾಗಿ ಒಂದು ಗ್ಯಾರೇಜಿಗೆ ಬಂದೇ ಬರುತ್ತಾರೆ. ಮಾಸಿದ ಬಣ್ಣಕ್ಕೆ ಹೊಳಪು ಕೊಡಿಸುತ್ತಾರೆ, ದೀಪ ಮತ್ತು ವೈಪರ್ ಸರಿಪಡಿಸಿಕೊಳ್ಳುತ್ತಾರೆ, ಬ್ರೇಕ್ ನೋಡಿಸುತ್ತಾರೆ, ಹೊಗೆ ತಪಾಸಣೆಯ ಪತ್ರ ಪಡೆದು ಹಸಿರು ತೆರಿಗೆಯನ್ನೂ ಕಟ್ಟುತ್ತಾರೆ. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಎಂಜಿನ್ನಿನ ಒಂದು ಬದಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಯಾವ ಅಧಿಕಾರಿಯ ಕಣ್ಣಿಗೂ ಬೀಳದೆ ತಿರುಗುತ್ತಿರುವ ಟೈಮಿಂಗ್ ಬೆಲ್ಟ್ ಯಾವ ವರ್ಷದ್ದು ಎಂದು ಕೇಳುವವರು ತೀರ ವಿರಳ. ಹಾಸನದಲ್ಲಿ ಗ್ಯಾರೇಜ್ ನಡೆಸುತ್ತಿರುವ ನನಗೆ ಈ ಅಲಕ್ಷ್ಯ ಬಹಳ ಕಾಲದಿಂದ ಕಾಡುತ್ತಿದೆ. ಹಳೆಯ ಕಾರುಗಳನ್ನು ಇಟ್ಟುಕೊಂಡವರಿಗೂ, ಇಂದು ನಾಳೆ ಅಂಥದೊಂದನ್ನು ಕೊಳ್ಳಲಿರುವವರಿಗೂ ತಮ್ಮ ಪತ್ರಿಕೆಯ ಮೂಲಕ ಕೆಲವು ವಿಷಯಗಳನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಎಂಜಿನ್ನಿನ ತಳಭಾಗದಲ್ಲಿ ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಮೇಲೆ ಹೆಡ್‌ನಲ್ಲಿ, ಗಾಳಿಯನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ವಾಲ್ವ್‌ಗಳನ್ನು ತೆರೆಸಿ ಮುಚ್ಚಿಸುವ ಕ್ಯಾಮ್ ಶಾಫ್ಟ್ ಇರುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು, ಒಂದು ಹಲ್ಲಿನಷ್ಟೂ ಹಿಂದೆ ಮುಂದೆ ಆಗಬಾರದು. ಈ ಹೊಂದಾಣಿಕೆಯನ್ನು ಕಾಯುವುದು ಟೈಮಿಂಗ್ ಬೆಲ್ಟ್ ಎಂಬ ಹಲ್ಲುಗಳಿರುವ ರಬ್ಬರ್ ಪಟ್ಟಿ. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯ ಕಾರಿನಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದ ತಯಾರಿಕೆಗೆ ಬಂದ ಈ ಪಟ್ಟಿ, ಇದೇ ಕೆಲಸ ಮಾಡುವ ಲೋಹದ ಚೈನಿಗಿಂತ ಹಗುರ, ಸದ್ದು ಕಡಿಮೆ, ಬೆಲೆಯೂ ಕಡಿಮೆ ಎಂಬ ಕಾರಣಕ್ಕೆ ಲೋಕದ ಎಲ್ಲೆಡೆ ಹರಡಿತು. ಪಟ್ಟಿಯ ಒಳಗೆ ಗಾಜಿನ ನಾರಿನ ಹುರಿಗಳಿರುತ್ತವೆ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ, ಮೈಯೆಲ್ಲ ಕೃತಕ ರಬ್ಬರಿನದು. ಎಳೆತವನ್ನು ತಡೆಯುವುದು ಹುರಿ. ಆ ಹುರಿಯನ್ನೂ ಹಲ್ಲನ್ನೂ ಒಟ್ಟಿಗೆ ಹಿಡಿದಿಡುವುದು ರಬ್ಬರು. ಆದ್ದರಿಂದ ರಬ್ಬರು ಮುದಿಯಾದರೆ ಹುರಿ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಬೆಲ್ಟ್ ತುಂಡಾದ ಕ್ಷಣದಲ್ಲಿ ಕ್ಯಾಮ್ ಶಾಫ್ಟ್ ನಿಂತುಬಿಡುತ್ತದೆ. ಆಗ ತೆರೆದಿದ್ದ ವಾಲ್ವ್‌ಗಳು ತೆರೆದೇ ಇರುತ್ತವೆ. ಕ್ರ್ಯಾಂಕ್ ಮಾತ್ರ ಕಾರಿನ ಓಟದ ರಭಸಕ್ಕೆ ಇನ್ನೂ ತಿರುಗುತ್ತಲೇ ಇರುತ್ತದೆ. ಮೇಲೆ ಬಂದ ಪಿಸ್ಟನ್ ತೆರೆದ ವಾಲ್ವ್‌ಗೆ ಬಡಿದು ಅದನ್ನು ಬಗ್ಗಿಸುತ್ತದೆ. ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಸಾಕಷ್ಟು ಜಾಗ ಬಿಟ್ಟಿರುವುದರಿಂದ ಕಾರು ನಿಂತುಹೋಗುವುದಷ್ಟೇ ತೊಂದರೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಆದರೆ ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಬಹಳ ಸಣ್ಣ ಜಾಗಕ್ಕೆ ಒತ್ತಬೇಕಾದ್ದರಿಂದ ಆ ಉಪಕಾರ ಸಿಗುವುದಿಲ್ಲ. ಅಲ್ಲಿ ಬೆಲ್ಟ್ ಹೋಯಿತೆಂದರೆ ಹೆಡ್ ಬಿಚ್ಚಲೇಬೇಕಾದ ಸ್ಥಿತಿ ಎಂದೇ ತಿಳಿಯಬೇಕು. ವಾಲ್ವ್‌ಗಳು ಬಗ್ಗುತ್ತವೆ, ಗೈಡ್‌ಗಳು ಒಡೆಯುತ್ತವೆ, ಕೆಲವೊಮ್ಮೆ ಕ್ಯಾಮ್ ಶಾಫ್ಟ್ ಕೂಡ ತುಂಡಾಗುತ್ತದೆ, ಪಿಸ್ಟನ್‌ನ ತಲೆಯಲ್ಲಿ ಗುಳಿ ಬೀಳುತ್ತದೆ. ಹಳೆಯ ಕಾರಿನ ಮಾಲೀಕರಿಗೆ ಆಗ ಬರುವ ಖರ್ಚು ಹಲವು ಸಲ ಕಾರಿನ ಬೆಲೆಯ ಅರ್ಧವನ್ನು ಮುಟ್ಟುತ್ತದೆ, ಕಾರು ಅಲ್ಲಿಂದಲೇ ಗುಜರಿಗೆ ಹೋಗುತ್ತದೆ.

ಹಾಗಾದರೆ ಬದಲಿಸಬೇಕಾದದ್ದು ಯಾವಾಗ? ಬಹಳಷ್ಟು ಕಾರುಗಳ ಕೈಪಿಡಿಗಳಲ್ಲಿ 60,000 ಕಿ.ಮೀ.ನಿಂದ 1,00,000 ಕಿ.ಮೀ.ವರೆಗಿನ ಒಂದು ಅಂಕಿ ಇರುತ್ತದೆ, ಕೆಲವು ಎಂಜಿನ್‌ಗಳಿಗೆ ಅದಕ್ಕಿಂತ ಹೆಚ್ಚೂ ಇದೆ. ತಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಪ್ರಮಾಣ. ನನ್ನ ಮಾತಾಗಲಿ ನೆರೆಮನೆಯವರ ಅನುಭವವಾಗಲಿ ಅದಕ್ಕೆ ಬದಲಿಯಲ್ಲ. ಆದರೆ ಆ ಅಂಕಿಯ ಪಕ್ಕದಲ್ಲೇ ಎಷ್ಟೋ ಕೈಪಿಡಿಗಳಲ್ಲಿ ವರ್ಷದ ಲೆಕ್ಕವೂ ಇರುತ್ತದೆ, ‘ಯಾವುದು ಮೊದಲೋ ಅದು’ ಎಂಬ ಷರತ್ತೂ ಇರುತ್ತದೆ. ಜನ ನೆನಪಿಟ್ಟುಕೊಳ್ಳುವುದು ಕಿಲೋಮೀಟರ್ ಅಂಕಿಯನ್ನು ಮಾತ್ರ. ‘ನಮ್ಮದು ಇನ್ನೂ 48,000 ಓಡಿದೆ, ಲಕ್ಷಕ್ಕೆ ಬಹಳ ದೂರವಿದೆ’ ಎನ್ನುವವರ ಕಾರು 12 ವರ್ಷ ಹಳೆಯದಾಗಿರುತ್ತದೆ, ಒಳಗಿರುವ ಬೆಲ್ಟ್ ಕಾರ್ಖಾನೆಯಿಂದ ಬಂದದ್ದೇ ಆಗಿರುತ್ತದೆ. ಕೈಪಿಡಿಯಲ್ಲಿ ವರ್ಷದ ಮಾತೇ ಇಲ್ಲದಿದ್ದಾಗ ನಾನು ಐದಾರು ವರ್ಷಕ್ಕಿಂತ ಮುಂದಕ್ಕೆ ಹೋಗಲು ಯಾರಿಗೂ ಸಲಹೆ ಕೊಡುವುದಿಲ್ಲ. ಇದು ನನ್ನ ವೃತ್ತಿಯ ತೀರ್ಮಾನ. ಒಂದೆರಡು ವರ್ಷ ಮುಂಚೆ ಬದಲಿಸಿದ ನಷ್ಟ ಸಣ್ಣದು, ಒಂದು ದಿನ ತಡವಾದರೂ ನಷ್ಟ ದೊಡ್ಡದು ಎಂಬ ಸರಳ ಲೆಕ್ಕದ ಮೇಲೆ ನಿಂತಿದೆ.

ಕಿಲೋಮೀಟರ್ ಲೆಕ್ಕ ಸಾಲದು ಎನ್ನಲು ಇನ್ನೊಂದು ಕಾರಣವಿದೆ. ಬೆಂಗಳೂರಿನಂಥ ಊರಿನ ಸಿಗ್ನಲ್‌ಗಳಲ್ಲಿ ಕಾರು ನಿಂತಿರುವಾಗ ಮೀಟರ್ ಓಡುವುದಿಲ್ಲ, ಬೆಲ್ಟ್ ಮಾತ್ರ ಓಡುತ್ತಲೇ ಇರುತ್ತದೆ. ನಿಂತಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 48,000 ಸುತ್ತಾಯಿತು. ಅದೇ ಕಾರು ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 2,000 ಸುತ್ತಿನಂತೆ ಸಾಗಿದರೆ ಗಂಟೆಗೆ 1,20,000 ಸುತ್ತು. ಅಂದರೆ ಸಿಗ್ನಲ್‌ನಲ್ಲಿ ಒಟ್ಟು ಒಂದು ಗಂಟೆ ನಿಂತದ್ದು ಬೆಲ್ಟ್‌ನ ಪಾಲಿಗೆ ಹೆದ್ದಾರಿಯ 24 ಕಿ.ಮೀ. ಓಟಕ್ಕೆ ಸಮ. ದಿನಕ್ಕೆ ಒಂದು ಗಂಟೆಯಂತೆ ವರ್ಷದಲ್ಲಿ 300 ದಿನ ಹೀಗೆ ನಿಂತರೆ 7,200 ಕಿ.ಮೀ.; ಐದು ವರ್ಷಕ್ಕೆ 36,000 ಕಿ.ಮೀ. ಇದರಲ್ಲಿ ಒಂದು ಕಿಲೋಮೀಟರ್ ಕೂಡ ಮೀಟರ್‌ನಲ್ಲಿ ಕಾಣುವುದಿಲ್ಲ. ಸಾಲದ್ದಕ್ಕೆ, ನಿಂತ ಕಾರಿನ ಬಾನೆಟ್ ಒಳಗೆ ಗಾಳಿ ಆಡದೆ ಬಿಸಿ ಏರುತ್ತದೆ, ರಬ್ಬರಿಗೆ ಬಿಸಿಗಿಂತ ದೊಡ್ಡ ಶತ್ರು ಇಲ್ಲ. ದಟ್ಟಣೆಯ ಓಡಾಟ, ಧೂಳು, ಪದೇ ಪದೇ ಸಣ್ಣ ದೂರದ ಪ್ರಯಾಣ ಇವುಗಳನ್ನು ಕಠಿಣ ಬಳಕೆ ಎಂದು ಕರೆದು ಕೈಪಿಡಿಗಳು ಅವಧಿಯನ್ನು ಕಡಿಮೆ ಮಾಡಿ ಹೇಳುವುದು ಇದಕ್ಕೇ. ನಮ್ಮ ನಗರಗಳಲ್ಲಿ ಓಡುವ ಯಾವ ಕಾರಿನ ಬಳಕೆ ಕಠಿಣವಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಓಡದ ಕಾರಿನ ಕಥೆ ಇದಕ್ಕಿಂತ ಬೇರೆ. ಮಕ್ಕಳು ಊರು ಬಿಟ್ಟ ಮೇಲೆ ಮನೆಯ ಮುಂದೆ ನಿಂತ ಕಾರು, ಹಬ್ಬಕ್ಕೋ ಆಸ್ಪತ್ರೆಗೋ ಮಾತ್ರ ತೆಗೆಯುವ ಕಾರು ನಮ್ಮ ಜಿಲ್ಲೆಯಲ್ಲೂ ಮಲೆನಾಡಿನಲ್ಲೂ ಬೇಕಾದಷ್ಟಿವೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ರಬ್ಬರ್ ಬ್ಯಾಂಡ್ ಎಳೆದೊಡನೆ ತುಂಡಾಗುವಂತೆ, ಬಳಸದೆ ಬಿಟ್ಟ ಮಾತ್ರಕ್ಕೆ ರಬ್ಬರು ಉಳಿಯುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ಭಂಗಿಯಲ್ಲಿ ಪುಲ್ಲಿಗಳ ಸುತ್ತ ಬಿಗಿದು ನಿಂತ ಬೆಲ್ಟ್ ಅಲ್ಲೇ ಮಡಿಕೆ ಬೀಳುತ್ತದೆ. ಕಲಬುರಗಿ, ರಾಯಚೂರುಗಳ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಕಾರಿನ ಬೆಲ್ಟ್ ಬೇಗ ಬಿರುಸಾಗುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವ ಇಲಿಗಳು ವೈರಿನ ಜೊತೆಗೆ ಬೆಲ್ಟನ್ನೂ ಕಡಿದ ಉದಾಹರಣೆಗಳನ್ನು ಯಾವ ಮೆಕ್ಯಾನಿಕ್ ಬೇಕಾದರೂ ಹೇಳುತ್ತಾನೆ. ಆದ್ದರಿಂದ ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವ ಹಿರಿಯರಿಗೆ ನಾನು ಕಳಕಳಿಯಿಂದ ಹೇಳುವುದು ಇಷ್ಟು: ತಮ್ಮ ಕಾರಿನ ಬೆಲ್ಟ್‌ಗೆ ಕ್ಯಾಲೆಂಡರೇ ಮೀಟರು.

‘ಮುಚ್ಚಳ ತೆಗೆದು ನೋಡಿ, ಚೆನ್ನಾಗಿದ್ದರೆ ಬಿಡೋಣ’ ಎಂಬ ಬೇಡಿಕೆ ನಮಗೆ ಆಗಾಗ ಬರುತ್ತದೆ. ನೋಡುವುದು ತಪ್ಪಲ್ಲ. ಬೆಲ್ಟ್‌ನ ಬೆನ್ನಿನಲ್ಲಿ ಅಡ್ಡ ಬಿರುಕುಗಳಿದ್ದರೆ, ಬೆನ್ನು ಗಾಜಿನಂತೆ ನುಣುಪಾಗಿ ಉಗುರಿಗೆ ತಗ್ಗದಿದ್ದರೆ, ಅಂಚಿನಲ್ಲಿ ನೂಲು ಎದ್ದಿದ್ದರೆ, ಹಲ್ಲಿನ ಬುಡ ಸವೆದು ಬಟ್ಟೆ ಹರಿದಿದ್ದರೆ, ಎಣ್ಣೆಯಲ್ಲಿ ನೆನೆದಿದ್ದರೆ ಆ ಕಾರನ್ನು ಗ್ಯಾರೇಜಿನಿಂದ ಹೊರಗೆ ಓಡಿಸಿಕೊಂಡು ಹೋಗುವುದೇ ಬೇಡ. ಆದರೆ ಇದ್ಯಾವುದೂ ಇಲ್ಲದ ಬೆಲ್ಟ್ ಒಳ್ಳೆಯದೆಂದು ಅರ್ಥವಲ್ಲ. ಹಿಂದಿನ, ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಬೆಲ್ಟ್‌ಗಳು ಮುಪ್ಪಾದಾಗ ಬಿರುಕು ಬಿಟ್ಟು ತೋರಿಸುತ್ತಿದ್ದವು. ಅವುಗಳ ನಂತರ ಬಂದ, ಹೆಚ್ಚು ಬಿಸಿ ತಡೆಯುವ ನೈಟ್ರೈಲ್ ರಬ್ಬರಿನ ಬೆಲ್ಟ್‌ಗಳು ಕೊನೆಯವರೆಗೂ ನೋಡಲು ಚೆನ್ನಾಗಿಯೇ ಇದ್ದು, ಹಲ್ಲಿನ ಬುಡದಲ್ಲಿ ಒಳಗೊಳಗೇ ಸಡಿಲವಾಗಿರುತ್ತವೆ. ಮೇಲಿನ ಮುಚ್ಚಳ ತೆಗೆದರೆ ಕಾಣುವುದು ಬೆಲ್ಟ್‌ನ ಒಂದು ತುಣುಕು ಮಾತ್ರ ಎಂಬುದನ್ನೂ ಮರೆಯಬಾರದು. ಎಂಜಿನ್ನಿನ ಬದಿಯಿಂದ ಬರುವ ಸಿಳ್ಳಿನಂಥ ಸದ್ದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ನ ಬೇರಿಂಗ್ ಸವೆದದ್ದರ ಸೂಚನೆಯಾಗಿರಬಹುದು. ಇದ್ದಕ್ಕಿದ್ದಂತೆ ಕಾರಿನ ಎಳೆತ ಕಡಿಮೆಯಾಗಿ ಸ್ಟಾರ್ಟ್ ಆಗಲು ತಡವಾದರೆ ಬೆಲ್ಟ್ ಒಂದು ಹಲ್ಲು ಜಾರಿರಬಹುದು. ಇಂಥ ಮುನ್ಸೂಚನೆ ಸಿಕ್ಕವರು ಅದೃಷ್ಟವಂತರು. ನಾನು ಕಂಡ ಹೆಚ್ಚಿನ ಬೆಲ್ಟ್‌ಗಳು ಯಾವ ಸುಳಿವನ್ನೂ ಕೊಡದೆ ಹೋದವು.

ಬದಲಿಸುವ ಮಾತಿಗೆ ಮೊದಲು ತಮ್ಮ ಕಾರಿನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಒಂದೇ ಹೆಸರಿನ ಕಾರಿನಲ್ಲೂ ಒಂದು ಎಂಜಿನ್‌ಗೆ ಬೆಲ್ಟ್, ಇನ್ನೊಂದಕ್ಕೆ ಚೈನ್ ಇರುವುದುಂಟು. 1983ರಿಂದ 2014ರವರೆಗೆ ತಯಾರಾದ ಮಾರುತಿ 800, ಹಳೆಯ ಆಲ್ಟೊ, ಆಮೇಲೆ ಬಂದ ಆಲ್ಟೊ 800 ಇವೆಲ್ಲ ಬೆಲ್ಟ್‌ನವು; ಆಲ್ಟೊ ಕೆ10 ಚೈನಿನದು. ವ್ಯಾಗನ್ ಆರ್ ಕಾರಿನ ಹಳೆಯ 1.1 ಲೀಟರ್ ಎಂಜಿನ್‌ಗೆ ಬೆಲ್ಟ್, 2010ರಲ್ಲಿ ಬಂದ ಕೆ ಸರಣಿಯ ಎಂಜಿನ್‌ಗೆ ಚೈನ್. ಐ10ರ 1.1 ಲೀಟರ್ ಬೆಲ್ಟ್‌ನದು, 1.2 ಲೀಟರ್ ಕಪ್ಪಾ ಚೈನಿನದು. ಹಳೆಯ ಸ್ಯಾಂಟ್ರೊ, ಝೆನ್, ಎಸ್ಟೀಮ್‌ಗಳಲ್ಲಿ ಬೆಲ್ಟ್ ಇದೆ. ಡೀಸೆಲ್ ಕಾರುಗಳಲ್ಲಿ ಟಾಟಾ ಇಂಡಿಕಾದ ಮೊದಲ 1.4 ಲೀಟರ್ ಎಂಜಿನ್, ಫೋರ್ಡ್ ಫಿಗೊ ಮತ್ತು ಫಿಯೆಸ್ಟಾದ 1.4 ಲೀಟರ್ ಎಂಜಿನ್, ಲೋಗನ್, ಡಸ್ಟರ್, ಟೆರಾನೊಗಳ 1.5 ಲೀಟರ್ ಎಂಜಿನ್, ಪೋಲೊದ ಡೀಸೆಲ್ ಎಂಜಿನ್‌ಗಳು ಬೆಲ್ಟ್‌ನಿಂದಲೇ ಓಡುತ್ತವೆ. ನಮ್ಮ ಬಿಡದಿಯಲ್ಲೇ ತಯಾರಾದ ಕ್ವಾಲಿಸ್ ಮತ್ತು 2005ರ ಇನ್ನೋವಾ ಡೀಸೆಲ್ ಕೂಡ ಬೆಲ್ಟ್‌ನವು. ಇದಕ್ಕೆ ತದ್ವಿರುದ್ಧವಾಗಿ ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾಗಳಲ್ಲಿ ಬಂದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಚೈನಿನದು. ಆ ಕಾರಿಗೆ ಟೈಮಿಂಗ್ ಬೆಲ್ಟ್ ಹಾಕಿದ್ದೇವೆಂದು ಯಾರಾದರೂ ಬಿಲ್ ಕೊಟ್ಟರೆ ಹಣ ಕೊಡಬೇಕಾಗಿಲ್ಲ. ಚೈನ್ ಶಾಶ್ವತವೇನೂ ಅಲ್ಲ, ಆಯಿಲ್ ಬದಲಿಸದೆ ಓಡಿಸಿದರೆ ಅದೂ ಹಿಗ್ಗಿ ಬೆಳಗಿನ ಸ್ಟಾರ್ಟ್‌ನಲ್ಲಿ ಗಲಗಲ ಎನ್ನುತ್ತದೆ. ಆದರೆ ಅದಕ್ಕೆ ಬೆಲ್ಟ್‌ನಂತೆ ನಿಗದಿತ ಅವಧಿ ಇರುವುದಿಲ್ಲ.

2013ರಲ್ಲಿ ಬಂದ ಇಕೋಸ್ಪೋರ್ಟ್‌ನ 1.0 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲಿ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಅದಕ್ಕೆ ಕಂಪನಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆಯದನ್ನು ಹಾಕಿದರೆ ಬೆಲ್ಟ್ ಕರಗಿ, ಅದರ ಪುಡಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿಸುತ್ತದೆ. ಆ ಕಾರುಗಳೂ ಈಗ ಹಳೆಯ ಕಾರುಗಳ ಸಾಲಿಗೆ ಸೇರಿವೆ.

ಎರಡನೇ ಕೈ ಕಾರುಗಳ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ನಿಜವಾದ ಒತ್ತಾಯ ಬಂದದ್ದು ಅಲ್ಲಿಂದಲೇ. ಮೀಟರ್ ಹಿಂದಕ್ಕೆ ತಿರುಗಿಸುವ ಕೆಲಸ ಈ ವ್ಯಾಪಾರದಲ್ಲಿ ನಡೆಯುತ್ತದೆ ಎಂಬುದು ಗುಟ್ಟಿನ ಸಂಗತಿಯಲ್ಲ; ಡಿಜಿಟಲ್ ಮೀಟರ್ ಬಂದ ಮೇಲೆ ಅದು ಇನ್ನಷ್ಟು ಸುಲಭವಾಗಿದೆ. ದೆಹಲಿ ಸುತ್ತಮುತ್ತಲಿನ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟವನ್ನು 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆದು, 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಜಾರಿಮಾಡಲು ಹೇಳಿದ ಮೇಲೆ, ಅಲ್ಲಿನ ಕಾರುಗಳು ನಿರಾಕ್ಷೇಪಣಾ ಪತ್ರದೊಂದಿಗೆ ದೇಶದ ಬೇರೆ ರಾಜ್ಯಗಳಿಗೆ ಬಂದಿವೆ, ನಮ್ಮಲ್ಲಿಗೂ ಬಂದಿವೆ. ಮೈ ನೋಡಿದರೆ ಹೊಸದರಂತಿರುವ, ಬೆಲೆಯೂ ಕೈಗೆಟಕುವ ಆ ಡೀಸೆಲ್ ಕಾರಿನ ಬೆಲ್ಟ್ ಯಾವಾಗ ಬದಲಾಯಿತೆಂದು ಹೇಳುವವರು ಇಲ್ಲಿ ಯಾರೂ ಇಲ್ಲ. ‘ಎಲ್ಲ ಮಾಡಿಸಿದೆ, ಏನೂ ಕೆಲಸವಿಲ್ಲ’ ಎಂಬ ಮಧ್ಯವರ್ತಿಯ ಮಾತು ನಂಬಿ ಕೊಂಡ ಒಂದು ಕುಟುಂಬದ ಕಾರು ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯ ತಿರುವಿನಲ್ಲಿ ನಿಂತು, ಟೋಯಿಂಗ್ ಗಾಡಿಯ ಮೇಲೆ ನಮ್ಮಲ್ಲಿಗೆ ಬಂತು. ಬಿಚ್ಚಿದಾಗ ಸಿಕ್ಕ ಬೆಲ್ಟ್ ಚೂರುಗಳಲ್ಲಿ ಒಂದು ಹಲ್ಲೂ ನೆಟ್ಟಗಿರಲಿಲ್ಲ. ಮಾರಿದವರು ಬದಲಿಸಿದ್ದು ನಿಜವೇ, ಆದರೆ ಅದು ಆಲ್ಟರ್‌ನೇಟರ್ ಓಡಿಸುವ ಹೊರಗಿನ ಫ್ಯಾನ್ ಬೆಲ್ಟ್. ಬಿಲ್ಲಿನಲ್ಲಿ ಬರೆದಿದ್ದದ್ದು ‘ಬೆಲ್ಟ್ 1’ ಎಂದಷ್ಟೇ.

ಹೀಗಾಗಿ ನನ್ನ ಖಚಿತ ಅಭಿಪ್ರಾಯ ಇದು. ಟೈಮಿಂಗ್ ಬೆಲ್ಟ್ ಎಂದು ಸ್ಪಷ್ಟವಾಗಿ ಬರೆದು, ದಿನಾಂಕ ಮತ್ತು ಕಿಲೋಮೀಟರ್ ನಮೂದಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿದು, ಕಾರು ಕೊಂಡ ವಾರದಲ್ಲೇ ಅದನ್ನು ಬದಲಿಸಬೇಕು. ಸೀಟಿನ ಕವರು, ಮ್ಯೂಸಿಕ್ ಸಿಸ್ಟಂ, ಅಲಾಯ್ ಚಕ್ರ ಎಲ್ಲವೂ ಅದರ ನಂತರ. ಬೆಲೆ ಮಾತಾಡುವಾಗಲೇ ಈ ಖರ್ಚನ್ನು ಲೆಕ್ಕಕ್ಕೆ ಹಿಡಿದು ಕಡಿಮೆ ಮಾಡಿಸಿಕೊಳ್ಳಲು ಯಾವ ಸಂಕೋಚವೂ ಬೇಡ. ಇನ್ನೋವಾದಂಥ ಕಾರಿನಲ್ಲಿ ಬೆಲ್ಟ್‌ನ ಅವಧಿ ಮುಗಿದಾಗ ಹತ್ತಿಕೊಳ್ಳುವ ‘ಟಿ-ಬೆಲ್ಟ್’ ಎಂಬ ದೀಪವಿದೆ. ಆದರೆ ಬೆಲ್ಟ್ ಮುಟ್ಟದೆಯೇ ಆ ದೀಪವನ್ನು ಆರಿಸಲು ಬರುತ್ತದೆ. ಅದು ಕಿಲೋಮೀಟರ್ ಎಣಿಸಿ ಹೊತ್ತುವ ದೀಪವೇ ಹೊರತು ಬೆಲ್ಟ್‌ನ ಸ್ಥಿತಿಯನ್ನು ಪರೀಕ್ಷಿಸುವ ಸಾಧನವಲ್ಲ. ದೀಪ ಹತ್ತಿಲ್ಲ ಎಂಬ ಧೈರ್ಯದ ಮೇಲೆ ಟ್ಯಾಕ್ಸಿ ಓಡಿಸುತ್ತಿರುವ ಚಾಲಕರು ಇದನ್ನು ಗಮನಿಸಬೇಕು. ಲಾರಿ, ಬಸ್ಸುಗಳ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಈ ಕೆಲಸವನ್ನು ಗೇರ್‌ಗಳು ಮಾಡುತ್ತವೆ; ಅವನ್ನು ಓಡಿಸಿ ಅನುಭವವಿರುವವರು ಕಾರಿಗೆ ಬಂದಾಗ ಬೆಲ್ಟ್‌ನ ಚಿಂತೆಯೇ ಅವರ ಮನಸ್ಸಿಗೆ ಬರುವುದಿಲ್ಲ, ಅದು ಸಹಜ.

ಬದಲಿಸುವಾಗ ಬೆಲ್ಟ್ ಒಂದನ್ನೇ ಬದಲಿಸಿ ಹಣ ಉಳಿಸಲು ಹೋಗಬಾರದು. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಮತ್ತು ದಾರಿ ತಪ್ಪದಂತೆ ನೋಡುವ ಐಡ್ಲರ್, ಈ ಎರಡರೊಳಗೂ ಬೇರಿಂಗ್ ಇರುತ್ತದೆ. ಆ ಬೇರಿಂಗೂ ಬೆಲ್ಟ್‌ನಷ್ಟೇ ಓಡಿರುತ್ತದೆ. ಅದು ಜಾಮ್ ಆದರೆ ನಿನ್ನೆ ಹಾಕಿದ ಹೊಸ ಬೆಲ್ಟ್ ಕೂಡ ಸುಟ್ಟು ಹರಿಯುತ್ತದೆ. ಡಸ್ಟರ್, ಪೋಲೊದಂಥ ಡೀಸೆಲ್ ಕಾರುಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ. ಪಂಪ್ ಸೋರಿದರೂ ಕಷ್ಟ, ಜಾಮ್ ಆದರೂ ಕಷ್ಟ. ಅದನ್ನು ಆಮೇಲೆ ಬದಲಿಸಬೇಕಾಗಿ ಬಂದರೆ ಎಂಜಿನ್ ಮೌಂಟಿಂಗ್, ಕ್ರ್ಯಾಂಕ್ ಪುಲ್ಲಿ, ಮುಚ್ಚಳಗಳನ್ನೆಲ್ಲ ಮತ್ತೊಮ್ಮೆ ಬಿಚ್ಚಿ ಅದೇ ಕೂಲಿಯನ್ನು ಎರಡನೇ ಸಲ ಕೊಡಬೇಕು. ಕ್ಯಾಮ್ ಮತ್ತು ಕ್ರ್ಯಾಂಕ್‌ನ ಆಯಿಲ್ ಸೀಲ್‌ಗಳಲ್ಲಿ ಸ್ವಲ್ಪ ಜಿಡ್ಡು ಕಂಡರೂ ಅವನ್ನು ಆಗಲೇ ಬದಲಿಸಿಬಿಡುವುದು ಲೇಸು, ಏಕೆಂದರೆ ಸೋರಿದ ಆಯಿಲ್ ಬೆಲ್ಟ್‌ನ ರಬ್ಬರನ್ನು ಮೆತ್ತಗೆ ಮಾಡಿ ತಿಂದುಹಾಕುತ್ತದೆ. ಕಿಟ್ ಎಂದು ಒಟ್ಟಾಗಿ ಸಿಗುವ ಸಾಮಾನು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ.

ಸಾಮಾನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಸಾಮಾನು ಮಾರುವ ಅಂಗಡಿಗಳು ಬಹಳ ಇವೆ, ಆದರೆ ಹೆಸರಾಂತ ಕಂಪನಿಗಳ ಪೆಟ್ಟಿಗೆಯಲ್ಲೇ ನಕಲಿ ಮಾಲು ಬರುವುದೂ ಮಾರುಕಟ್ಟೆಯಲ್ಲಿ ಇದ್ದೇ ಇದೆ. ಬ್ರೇಕ್ ದೀಪದ ಬಲ್ಬ್ ನಕಲಿಯಾದರೆ ಇನ್ನೊಂದು ಹಾಕಬಹುದು; ಈ ಒಂದು ಸಾಮಾನಿನಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ನಕಲಿಗೆ ಕೈಹಾಕಬಾರದು. ಕಾರು ಕಂಪನಿಯ ಅಧಿಕೃತ ಬಿಡಿಭಾಗ ಅಥವಾ ಕಾರು ಕಂಪನಿಗಳಿಗೇ ಬೆಲ್ಟ್ ಒದಗಿಸುವ ಗೇಟ್ಸ್, ಕಾಂಟಿಟೆಕ್, ಡೇಕೋ ಮುಂತಾದವರ ಬೆಲ್ಟನ್ನು ಬಿಲ್ಲಿನೊಂದಿಗೆ ಕೊಳ್ಳಬೇಕು. ಬೆಲ್ಟ್‌ನ ಮೇಲೋ ಪೆಟ್ಟಿಗೆಯ ಮೇಲೋ ತಯಾರಿಕೆಯ ಗುರುತು ಇದ್ದರೆ ಅದನ್ನೂ ನೋಡಬೇಕು. ಅಂಗಡಿಯ ಕಪಾಟಿನಲ್ಲಿ ಐದಾರು ವರ್ಷ ಕೂತ ಬೆಲ್ಟ್‌ನ ಆಯುಷ್ಯ ಅಲ್ಲೇ ಕಡಿಮೆಯಾಗಿರುತ್ತದೆ. ತಾವೇ ತಂದುಕೊಟ್ಟರೆ ಅದನ್ನು ಮಡಿಸಿ, ತಿರುಚಿ ಚೀಲದಲ್ಲಿ ತುರುಕಬಾರದು, ಒಳಗಿನ ಗಾಜಿನ ನಾರು ಮುರಿಯುತ್ತದೆ.

ಕೂರಿಸುವ ಕೆಲಸದಲ್ಲಿ ಅವಸರ ಸಲ್ಲದು. ಪುಲ್ಲಿಗಳ ಗುರುತುಗಳನ್ನು ಸರಿಯಾಗಿ ಹೊಂದಿಸಿ, ಅಗತ್ಯವಿರುವ ಎಂಜಿನ್‌ಗಳಿಗೆ ಶಾಫ್ಟ್ ಅಲುಗದಂತೆ ಹಿಡಿಯುವ ಲಾಕ್ ಪಿನ್ ಹಾಕಿ ಬಿಗಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದವೇ ಎಂದು ನೋಡಲೇಬೇಕು. ಎಲ್ಲಾದರೂ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಬೇಕು. ಕೈಗೆ ಸಿಗುವ ಆ ತಡೆ ವಾಲ್ವ್ ಪಿಸ್ಟನ್‌ಗೆ ತಗುಲಿದ ಗುರುತಾಗಿರಬಹುದು. ಮಾಲೀಕರು ಪಕ್ಕದಲ್ಲಿ ನಿಂತು ಇದನ್ನು ನೋಡುತ್ತೇನೆಂದರೆ ಒಳ್ಳೆಯ ಮೆಕ್ಯಾನಿಕ್ ಯಾರೂ ಬೇಸರಪಡುವುದಿಲ್ಲ. ಕೆಲಸ ಮುಗಿದ ಮೇಲೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳವನ್ನು ಮತ್ತೆ ಹಾಕಿದ್ದಾರೆಯೇ ಎಂದು ಕೇಳಬೇಕು. ಬೋಲ್ಟ್ ತುಂಡಾಯಿತು, ಮುಚ್ಚಳ ಒಡೆದಿತ್ತು ಎಂದು ಅದನ್ನು ಹಾಗೇ ಬಿಟ್ಟ ಕಾರುಗಳಲ್ಲಿ ಕೆಸರು, ಸಣ್ಣ ಕಲ್ಲು ಒಳಹೊಕ್ಕು ಹೊಸ ಬೆಲ್ಟ್‌ನ ಹಲ್ಲು ಕಿತ್ತುಹೋದದ್ದನ್ನು ನೋಡಿದ್ದೇನೆ. ಬಿಚ್ಚಿದ ಹಳೆಯ ಬೆಲ್ಟ್, ಬೇರಿಂಗ್‌ಗಳನ್ನು ಕೇಳಿ ಪಡೆದುಕೊಳ್ಳುವುದು ಮಾಲೀಕರ ಹಕ್ಕು.

ಓಡುವಾಗಲೇ ಬೆಲ್ಟ್ ಹೋದರೆ ಏನು ಮಾಡಬೇಕೆಂಬುದೂ ಗೊತ್ತಿರಬೇಕು, ಅದರಲ್ಲೂ ಘಾಟಿಗಳಲ್ಲಿ ಓಡಾಡುವವರಿಗೆ. ಎಂಜಿನ್ ಒಮ್ಮೆಲೇ ಸ್ತಬ್ಧವಾಗುತ್ತದೆ, ಪವರ್ ಸ್ಟಿಯರಿಂಗ್ ಭಾರವಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ನಲ್ಲಿ ಉಳಿದಿರುವ ನಿರ್ವಾತ ಒಂದೆರಡು ಸಲ ಒತ್ತುವಷ್ಟಕ್ಕೆ ಸಾಕಾಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಪೆಡಲನ್ನು ಪದೇ ಪದೇ ಒತ್ತಿ ಬಿಡದೆ, ಒಂದೇ ಸಮನೆ ಒತ್ತಿಹಿಡಿದು, ನಾಲ್ಕೂ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿಕೊಳ್ಳಬೇಕು. ಆಮೇಲೆ ಬಹುಪಾಲು ಜನ ಮಾಡುವ ಕೆಲಸವೇ ಹೆಚ್ಚು ಹಾನಿಕರ: ಮತ್ತೆ ಮತ್ತೆ ಕೀಲಿ ತಿರುಗಿಸುವುದು, ಅದೂ ಆಗದಿದ್ದರೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವುದು. ಬೆಲ್ಟ್ ಹೋದ ಎಂಜಿನ್ ಸ್ಟಾರ್ಟರ್‌ಗೆ ಎಂದಿಗಿಂತ ಸಲೀಸಾಗಿ, ತಡೆಯೇ ಇಲ್ಲದಂತೆ ಗಿರ್ರನೆ ತಿರುಗುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಸಾಕು, ಕೀಲಿಯಿಂದ ಕೈ ತೆಗೆದು ಟೋಯಿಂಗ್ ಗಾಡಿಗೆ ಫೋನ್ ಮಾಡಬೇಕು. ಮೊದಲ ಹೊಡೆತಕ್ಕೆ ಬಗ್ಗದೆ ಉಳಿದ ವಾಲ್ವ್‌ಗಳು ಈ ಎರಡನೇ ಪ್ರಯತ್ನದಲ್ಲಿ ಬಗ್ಗುತ್ತವೆ.

‘ಕಾರಿನ ಬೆಲೆಯೇ ಒಂದು ಲಕ್ಷವಿಲ್ಲ, ಇದಕ್ಕೆ ಇಷ್ಟು ಖರ್ಚು ಯಾಕೆ?’ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಹಳೆಯ ಕಾರು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಹೊಸದು ಕೊಳ್ಳಲಾಗದೆ ಇಟ್ಟುಕೊಂಡವರು. ಇನ್ನು ಒಂದೆರಡು ತಿಂಗಳಲ್ಲಿ ಗುಜರಿಗೆ ಹಾಕುವ ಕಾರಾದರೆ, ಊರೊಳಗೆ ನಿಧಾನವಾಗಿ ಓಡಿಸಿಕೊಂಡು ಬಿಟ್ಟುಬಿಡುವುದರಲ್ಲಿ ಅರ್ಥವಿದೆ ಎಂದು ನಾನೇ ಹೇಳುತ್ತೇನೆ. ಆದರೆ ಇನ್ನೆರಡು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಲೆಕ್ಕ ಬೇರೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಬೆಲ್ಟ್, ಟೆನ್ಷನರ್, ಕೂಲಿ ಎಲ್ಲ ಸೇರಿ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಡೀಸೆಲ್ ಕಾರಿಗೆ ಅದಕ್ಕಿಂತ ಹೆಚ್ಚು, ಆದರೂ ಹೆಡ್ ಕೆಲಸ, ಲೇತ್ ಕೂಲಿ, ಹೊಸ ವಾಲ್ವ್‌ಗಳು, ಗ್ಯಾಸ್ಕೆಟ್ ಸೆಟ್, ಟೋಯಿಂಗ್ ಬಾಡಿಗೆ, ಬಾಡಿಗೆ ಗಾಡಿಯವರಾದರೆ ತಪ್ಪಿದ ದುಡಿಮೆ ಇವುಗಳ ಮುಂದೆ ಅದು ಸಣ್ಣದು. ಹಣದ ಅಡಚಣೆ ಇರುವವರು ಬಣ್ಣವನ್ನು ಮುಂದೂಡಲಿ, ಎ.ಸಿ. ಕೆಲಸವನ್ನು ಮುಂದೂಡಲಿ. ರಾತ್ರಿಯ ಹೊತ್ತು ಮಕ್ಕಳು, ವಯಸ್ಸಾದವರು ಕೂತಿರುವ ಕಾರು ಚಾರ್ಮಾಡಿಯಂಥ ಜಾಗದಲ್ಲಿ ದೀಪವೂ ಮಂಕಾಗಿ ನಿಂತರೆ ಆಗುವ ಪಾಡನ್ನು ರೂಪಾಯಿಯಲ್ಲಿ ಅಳೆಯಲು ಬರುವುದಿಲ್ಲ.

ಇನ್ನು ನನ್ನ ಕೋರಿಕೆಗಳು. ನನ್ನಂಥ ಗ್ಯಾರೇಜಿನವರು ಬೆಲ್ಟ್ ಬದಲಿಸಿದ ಕೂಡಲೇ ದಿನಾಂಕ, ಮೀಟರ್ ಅಂಕಿ, ಬೆಲ್ಟ್‌ನ ಪಾರ್ಟ್ ನಂಬರ್ ಬರೆದ ಒಂದು ಸ್ಟಿಕ್ಕರನ್ನು ಮುಚ್ಚಳದ ಮೇಲೆ ಅಂಟಿಸುವ ಪದ್ಧತಿಯನ್ನು ಎಲ್ಲೆಡೆ ರೂಢಿಸಿಕೊಳ್ಳಬೇಕು. ಆಯಿಲ್ ಬದಲಿಸಿದಾಗ ಕಾರ್ಡ್ ನೇತುಹಾಕುವವರಿಗೆ ಇದು ಭಾರವಲ್ಲ. ಬಿಲ್ಲಿನಲ್ಲಿ ಬೆಲ್ಟ್ ಎಂದಷ್ಟೇ ಬರೆಯದೆ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಎಂದು ಬಿಡಿಸಿ ಬರೆಯಬೇಕು. ಕಂಪನಿಗಳ ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಕಾರಿನ ಹಳೆಯ ಸರ್ವಿಸ್ ದಾಖಲೆಗಳು ಕಂಪ್ಯೂಟರಿನಲ್ಲಿ ಇರುತ್ತವೆ; ನೋಂದಣಿ ಪತ್ರ ತೋರಿಸಿದ ಹೊಸ ಮಾಲೀಕರಿಗೆ ಬೆಲ್ಟ್ ಬದಲಾದ ದಿನವನ್ನಾದರೂ ತಿಳಿಸಲು ಅವರು ಹಿಂಜರಿಯಬಾರದು. ಹಳೆಯ ಕಾರು ಮಾರುವ ಮಳಿಗೆಗಳು ಎಷ್ಟೋ ಅಂಶಗಳನ್ನು ಪರೀಕ್ಷಿಸಿದ್ದೇವೆಂದು ಜಾಹೀರಾತು ಕೊಡುತ್ತವೆ. ಆ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಬದಲಾದ ದಿನಾಂಕಕ್ಕೂ ಒಂದು ಸಾಲು ಇರಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಲಿ. ಕೊಳ್ಳುವವರು ಉಳಿದದ್ದನ್ನು ತಾವೇ ತೀರ್ಮಾನಿಸುತ್ತಾರೆ. ನಾನು ಕಂಡ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ. ಅದರಲ್ಲಿನ ಸರ್ವಿಸ್ ವೇಳಾಪಟ್ಟಿಯ ಒಂದೇ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚುಮಾಡಿ ಇಲ್ಲಿನ ಗ್ರಾಹಕರಿಗೆ ಕೊಡುವಂತೆ ಕಾರು ಕಂಪನಿಗಳನ್ನು, ಅವುಗಳ ಮಾರಾಟಗಾರರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ. ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹೊಸ ಕಾರುಗಳ ಪರಿಚಯದ ಜೊತೆಗೆ, ಹಳೆಯ ಯಾವ ಯಾವ ಎಂಜಿನ್‌ನಲ್ಲಿ ಬೆಲ್ಟ್ ಇದೆ, ಕಂಪನಿ ಹೇಳುವ ಅವಧಿ ಎಷ್ಟು ಎಂಬ ಒಂದು ಕೋಷ್ಟಕವನ್ನು ಪ್ರಕಟಿಸಿದರೆ ಅದನ್ನು ಕತ್ತರಿಸಿ ನಮ್ಮ ಗ್ಯಾರೇಜಿನ ಗೋಡೆಗೆ ಅಂಟಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ಯಾರೇಜ್ ವೃತ್ತಿಯ ಒಬ್ಬ ಓದುಗ, ಹಾಸನ